"ಎಲ್ಲಾ ಚೆನ್ನಾಗಿದೆ ಅಮ್ಮಾ"

(ಮೆಲ್ಬರ್ನ್‌ನಲ್ಲಿ ನಡೆದ ನಮ್ಮ ಸಂಸ್ಥೆಯ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವರ್ಷ ಕೂಡುವ ನಿಧಿಯಲ್ಲಿ ಒಂದು ಪಾಲನ್ನು ಇಲ್ಲಿಗೆ ಓದಲು ಬಂದಿರುವ ನಮ್ಮ ನಾಡಿನ ವಿದ್ಯಾರ್ಥಿಗಳಿಗಾಗಿ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಅದರ ಅಗತ್ಯವೇನೆಂದು ತಮ್ಮ ಮುಂದೆ ಹೇಳುವ ಕೆಲಸವನ್ನು ನನಗೆ ವಹಿಸಿದ್ದಾರೆ. ಈ ತೀರ್ಮಾನ ಎಲ್ಲರಿಗೂ ಒಪ್ಪಿಗೆಯಾಗಿಲ್ಲ ಎಂಬುದು ನನಗೆ ಗೊತ್ತು. "ಊರಿನ ಶಾಲೆಗೆ ಬೆಂಚು ಕೊಡಿಸುವ ಹಣವನ್ನು, ಲಕ್ಷಗಟ್ಟಲೆ ಶುಲ್ಕ ಕಟ್ಟಿ ವಿಮಾನ ಹತ್ತಿ ಬಂದವರಿಗೆ ಏಕೆ ಕೊಡಬೇಕು?" ಎಂದು ಹಿರಿಯರೊಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಉತ್ತರ ಕೊಡದೆ ತಮ್ಮ ಮುಂದೆ ಚೀಟಿ ಪುಸ್ತಕ ಹಿಡಿಯುವುದು ಸರಿಯಲ್ಲ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಶುಲ್ಕ ಕಟ್ಟಿ ಬಂದವರೆಲ್ಲ ಹಣವಂತರ ಮಕ್ಕಳಲ್ಲ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಶುಲ್ಕವೊಂದೇ ನಲವತ್ತು ಲಕ್ಷ ರೂಪಾಯಿ ದಾಟುವುದು ಈಗ ಸಾಮಾನ್ಯ. ಅಷ್ಟನ್ನು ಕೈಯಿಂದ ಕೊಡಬಲ್ಲ ಕುಟುಂಬಗಳು ಹಾಸನದಲ್ಲಾಗಲಿ, ಹಾವೇರಿಯಲ್ಲಾಗಲಿ ಎಷ್ಟಿವೆ? ಭಾರತದಲ್ಲಿ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಹಾಗಾಗಿ ಈ ಮಕ್ಕಳ ಹಿಂದೆ ಅಪ್ಪ ನಿವೃತ್ತಿಯ ಹಣದಲ್ಲಿ ಕಟ್ಟಿಸಿದ ಮನೆಯ ಪತ್ರವಿದೆ, ಮಗಳ ಮದುವೆಗೆಂದು ಕೊಂಡಿದ್ದ ಸೈಟಿನ ಪತ್ರವಿದೆ, ಅಮ್ಮನ ಒಡವೆಯಿದೆ. ವೀಸಾ ಅರ್ಜಿಯ ಶುಲ್ಕ 2024ರ ಜುಲೈವರೆಗೆ 710 ಡಾಲರ್ ಇತ್ತು. ಆಗ ಅದನ್ನು 1,600ಕ್ಕೆ ಏರಿಸಿದರು, 2025ರ ಜುಲೈಯಲ್ಲಿ 2,000 ಮಾಡಿದರು. ಒಂದು ವರ್ಷದ ಜೀವನ ವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕಾದ ಮೊತ್ತ 2024ರ ಮೇ ತಿಂಗಳಲ್ಲಿ 29,710 ಡಾಲರ್‌ಗೆ ಏರಿತು. ತೋರಿಸುವ ಹಣ ಬೇರೆ, ಖರ್ಚು ಮಾಡಲು ಇರುವ ಹಣ ಬೇರೆ ಎಂಬುದು ನಮಗೆಲ್ಲ ತಿಳಿದ ವಿಷಯ. ತೋರಿಸಿದ ಹಣ ಎಷ್ಟೋ ಸಲ ಚಿಕ್ಕಪ್ಪನದೋ ಸೋದರಮಾವನದೋ ಆಗಿರುತ್ತದೆ. ಅದು ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು.

ಇಲ್ಲಿಗೆ ಬಂದ ಮೇಲೆ ಓದಿನ ದಿನಗಳಲ್ಲಿ ಅವರು ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 2023ರ ಜುಲೈಯಿಂದ ಇರುವ ನಿಯಮ ಇದು. ಎಂದರೆ ವಾರಕ್ಕೆ 24 ಗಂಟೆ. 2025ರ ಜುಲೈಯಲ್ಲಿ ನಿಗದಿಯಾದ ಕನಿಷ್ಠ ವೇತನ ಗಂಟೆಗೆ 24 ಡಾಲರ್ 95 ಸೆಂಟ್. ಕಾಯಂ ಅಲ್ಲದ ಕ್ಯಾಶುಯಲ್ ಕೆಲಸಕ್ಕೆ ಅದರ ಮೇಲೆ ಶೇಕಡಾ 25 ಹೆಚ್ಚು ಕೊಡಬೇಕು. ಕಾನೂನಿನಂತೆ ಸಿಕ್ಕರೆ ವಾರಕ್ಕೆ ಸುಮಾರು ಆರುನೂರು ಡಾಲರ್ ಅಥವಾ ಅದಕ್ಕಿಂತ ಹೆಚ್ಚು. ಆದರೆ ಕೈಗೆ ನೋಟು ಎಣಿಸಿ ಗಂಟೆಗೆ ಹನ್ನೆರಡು ಡಾಲರ್ ಕೊಡುವ ಅಂಗಡಿಗಳು ಎಲ್ಲಿವೆ ಎಂಬುದು ಹಿಂದಿನ ಸಾಲಿನ ಹುಡುಗರಿಗೆ ಗೊತ್ತು. ಅಲ್ಲಿ 24 ಗಂಟೆ ದುಡಿದರೆ ಬರುವುದು 288 ಡಾಲರ್. ಒಂದು ಕೋಣೆಯ ಬಾಡಿಗೆ 220 ಎಂದಿಟ್ಟುಕೊಳ್ಳಿ. ಉಳಿದ 68 ಡಾಲರ್‌ನಲ್ಲಿ ವಾರದ ಊಟ, ರೈಲು, ಫೋನು ಎಲ್ಲ ಆಗಬೇಕು. ಲೆಕ್ಕ ಕೂಡಿಬರದಿದ್ದಾಗ ಮೊದಲು ಕಡಿಮೆಯಾಗುವುದು ಊಟ. ಆಮೇಲೆ ನಿದ್ದೆ.

ಇದನ್ನು ಅವರು ಮನೆಗೆ ಹೇಳುತ್ತಾರೆಯೇ? ಹೇಳುವುದಿಲ್ಲ. ಊರಿನಲ್ಲಿ ಅಮ್ಮ ರಾತ್ರಿಯ ಕೆಲಸ ಮುಗಿಸಿ ಒಂಬತ್ತು ಗಂಟೆಗೆ ಫೋನು ಹಿಡಿದರೆ ಇಲ್ಲಿ ರಾತ್ರಿ ಒಂದೂವರೆ. ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟಾಗ ಎರಡೂವರೆ. ಮಗ ಆಗತಾನೆ ಕೆಲಸ ಮುಗಿಸಿ ಬಂದು ಕುಳಿತಿರುತ್ತಾನೆ. ಕ್ಯಾಮೆರಾವನ್ನು ಗೋಡೆಯ ಕಡೆಗೆ ಇಟ್ಟುಕೊಂಡು "ಎಲ್ಲಾ ಚೆನ್ನಾಗಿದೆ ಅಮ್ಮಾ, ಊಟ ಆಯ್ತು" ಎನ್ನುತ್ತಾನೆ. ಕ್ಯಾಮೆರಾ ಈ ಕಡೆ ತಿರುಗಿದರೆ ಒಂದೇ ಕೋಣೆಯಲ್ಲಿ ಹಾಸಿದ ನಾಲ್ಕು ಹಾಸಿಗೆ ಕಾಣುತ್ತದೆ. ಅಮ್ಮನಿಗೂ ಸ್ವಲ್ಪ ಅನುಮಾನ ಇರುತ್ತದೆ, ಆದರೆ ಅವಳೂ ಕೇಳುವುದಿಲ್ಲ. ಅಪ್ಪನ ಸಕ್ಕರೆ ಕಾಯಿಲೆ ಏರಿದ್ದನ್ನು ಅವಳೂ ಹೇಳುವುದಿಲ್ಲ. ಹೀಗೆ ಎರಡೂ ಕಡೆಯವರು ಪರಸ್ಪರ ಪ್ರೀತಿಯಿಂದಲೇ ಸುಳ್ಳು ಹೇಳಿಕೊಳ್ಳುತ್ತಾರೆ.

ನಾನು ಈ ನಗರದ ಪಶ್ಚಿಮ ಭಾಗದಲ್ಲಿ ವೈದ್ಯನಾಗಿ ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳು ನನ್ನ ಕೋಣೆಗೆ ಬಂದು "ಡಾಕ್ಟ್ರೇ, ನನಗೆ ಖಿನ್ನತೆ" ಎಂದು ಹೇಳುವುದಿಲ್ಲ. ತಲೆನೋವು ಎನ್ನುತ್ತಾರೆ. ಹೊಟ್ಟೆ ಉರಿ, ಎದೆ ಭಾರ, ಬೆನ್ನು ನೋವು, ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿರುತ್ತದೆ. ವರದಿ ನೋಡಿ ಸಂತೋಷಪಡುವ ಬದಲು ಮುಖ ಇನ್ನಷ್ಟು ಬಾಡುತ್ತದೆ. ಆಗ ಕನ್ನಡದಲ್ಲಿ "ಮನೆಯಲ್ಲಿ ಯಾರ್ಯಾರಿದ್ದೀರಪ್ಪ?" ಎಂದು ಕೇಳಬೇಕು. ಅಷ್ಟು ಸಾಕು, ಕಣ್ಣು ತುಂಬಿ ಬರುತ್ತದೆ.

ಭಾಷೆಯ ತೊಡಕೂ ಇದೆ. ನಮ್ಮಲ್ಲಿ 'ಬೇಜಾರು' ಎಂಬ ಒಂದು ಮಾತಿದೆ. ಸಿನಿಮಾ ಎಳೆದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ತಾತ ತೀರಿಕೊಂಡರೂ ಬೇಜಾರು, ಬದುಕೇ ಬೇಡ ಎನ್ನಿಸಿದರೂ ಬೇಜಾರು. ಹಿಂದೆ ಒಬ್ಬ ಹುಡುಗಿ ತನ್ನ ಕಾಲೇಜಿನ ಆಪ್ತಸಮಾಲೋಚಕರ ಹತ್ತಿರ ಹೋಗಿ ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ 'ಐ ಆಮ್ ಬೋರ್ಡ್' ಎಂದಳಂತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಈಜು, ನೃತ್ಯ, ಛಾಯಾಗ್ರಹಣದ ಕ್ಲಬ್ಬುಗಳ ಪಟ್ಟಿ ಕೊಟ್ಟು ಕಳುಹಿಸಿದರಂತೆ. ಅವಳು ಆರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆ ಸಮಾಲೋಚಕರನ್ನು ನಾನು ದೂರುವುದಿಲ್ಲ. ಅವರು ಕೇಳಿದ್ದು ಅವಳು ಆಡಿದ ಶಬ್ದವನ್ನು. ಆ ಶಬ್ದದ ಹಿಂದಿನದನ್ನು ಕೇಳಿಸಿಕೊಳ್ಳಬಲ್ಲವರು ಈ ಸಭಾಂಗಣದಲ್ಲಿ ಕುಳಿತಿರುವ ನಾವು.

ಇನ್ನು ಭಯದ ವಿಷಯ. ಬಹಳಷ್ಟು ವಿದ್ಯಾರ್ಥಿಗಳು ಸಹಾಯ ಕೇಳದಿರುವುದಕ್ಕೆ ಮುಖ್ಯ ಕಾರಣ ವೀಸಾ. ಡಾಕ್ಟರ ಹತ್ತಿರ ಮನಸ್ಸಿನ ವಿಷಯ ಹೇಳಿದರೆ ಸರ್ಕಾರಕ್ಕೆ ತಿಳಿಯುತ್ತದೆ, ಒಂದು ವಿಷಯದಲ್ಲಿ ಫೇಲಾದರೆ ಮರುದಿನವೇ ವಾಪಸ್ಸು ಕಳುಹಿಸುತ್ತಾರೆ, ಸಂಬಳದ ಬಗ್ಗೆ ದೂರು ಕೊಟ್ಟರೆ ಮಾಲೀಕ ವೀಸಾ ರದ್ದು ಮಾಡಿಸುತ್ತಾನೆ ಎಂದು ನಂಬಿದ್ದಾರೆ. ಈ ನಂಬಿಕೆಗಳನ್ನು ನಾವು ಒಂದೊಂದಾಗಿ ಬಿಡಿಸಬೇಕು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿರಿಯರು ದಯವಿಟ್ಟು ಬೇಸರಿಸಬೇಡಿ, ನಾಳೆ ನಿಮ್ಮ ಮನೆಗೆ ಬರುವ ಹುಡುಗನಿಗೆ ಇದನ್ನು ಹೇಳಬೇಕಾದವರು ನೀವೇ.

ವೈದ್ಯರ ಬಳಿ ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದೆ. ಪ್ರಾಣಾಪಾಯದಂಥ ಸಂದರ್ಭವನ್ನು ಬಿಟ್ಟರೆ ಅದು ವಿಶ್ವವಿದ್ಯಾಲಯಕ್ಕಾಗಲಿ, ವೀಸಾ ಇಲಾಖೆಗಾಗಲಿ, ಊರಿನ ಅಪ್ಪ ಅಮ್ಮನಿಗಾಗಲಿ ಹೋಗುವುದಿಲ್ಲ. ಎಲ್ಲ ವಿದ್ಯಾರ್ಥಿಗಳ ಹತ್ತಿರವೂ ಆರೋಗ್ಯ ವಿಮೆ ಇರುತ್ತದೆ, ಅದಿಲ್ಲದೆ ವೀಸಾ ಸಿಗುವುದಿಲ್ಲ. ಆ ವಿಮೆ ತುರ್ತು ಸಂದರ್ಭದ ಆಂಬುಲೆನ್ಸಿನ ವೆಚ್ಚವನ್ನೂ ಭರಿಸುತ್ತದೆ. ಇದು ಗೊತ್ತಿಲ್ಲದೆ, ಸಾವಿರಾರು ಡಾಲರ್ ಬಿಲ್ಲು ಬರುತ್ತದೆಂದು ಹೆದರಿ, ಎದೆನೋವು ಬಂದವನನ್ನು ಗೆಳೆಯರು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದುಂಟು. ಹಾಗೆ ಮಾಡಬೇಡಿ, ಸೊನ್ನೆ ಸೊನ್ನೆ ಸೊನ್ನೆಗೆ ಫೋನು ಮಾಡಿ. ಹಲ್ಲು ಮತ್ತು ಕನ್ನಡಕದ ಖರ್ಚು ಮಾತ್ರ ಸಾಮಾನ್ಯವಾಗಿ ಆ ವಿಮೆಯಲ್ಲಿ ಬರುವುದಿಲ್ಲ.

ಓದಿನಲ್ಲಿ ಹಿಂದೆ ಬಿದ್ದರೆ ಮರುದಿನವೇ ಯಾರೂ ಹೊರಹಾಕುವುದಿಲ್ಲ. ವಿದೇಶಿ ವಿದ್ಯಾರ್ಥಿಗಳ ರಕ್ಷಣೆಗೆ ಈ ದೇಶದಲ್ಲಿ 2000ದಲ್ಲೇ ಪ್ರತ್ಯೇಕ ಕಾಯಿದೆ ಬಂದಿದೆ. ಅದರ ಅಡಿಯಲ್ಲಿ 2018ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಸಂಹಿತೆಯಿದೆ. ಅದರ ಪ್ರಕಾರ, ಹಿಂದೆ ಬೀಳುತ್ತಿರುವ ವಿದ್ಯಾರ್ಥಿಯನ್ನು ಸಂಸ್ಥೆಯೇ ಗುರುತಿಸಿ ನೆರವು ಕೊಡಲು ಪ್ರಯತ್ನಿಸಬೇಕು. ವರದಿ ಮಾಡುವ ಮೊದಲು ಲಿಖಿತವಾಗಿ ತಿಳಿಸಿ, ಮೇಲ್ಮನವಿಗೆ 20 ಕೆಲಸದ ದಿನಗಳ ಅವಕಾಶ ಕೊಡಬೇಕು. ಕಾಯಿಲೆ, ಮನೆಯಲ್ಲಿ ಸಾವು ಮುಂತಾದ ಗಂಭೀರ ಕಾರಣವಿದ್ದರೆ ಓದನ್ನು ಕೆಲವು ಕಾಲ ನಿಲ್ಲಿಸಿ ಮತ್ತೆ ಮುಂದುವರಿಸಲು ಅನುಮತಿ ಕೇಳಬಹುದು. ಖಿನ್ನತೆಯೂ ಕಾಯಿಲೆಯೇ, ಅದಕ್ಕೂ ವೈದ್ಯರ ಪತ್ರ ಸಲ್ಲುತ್ತದೆ. ಆದರೆ ಕೇಳದೆ, ಹೇಳದೆ, ತರಗತಿಗೆ ಹೋಗುವುದನ್ನು ಬಿಟ್ಟು ಕೋಣೆಯೊಳಗೆ ಮಲಗಿಬಿಟ್ಟರೆ ಆಗ ನಿಜಕ್ಕೂ ವೀಸಾಕ್ಕೆ ತೊಂದರೆಯಾಗುತ್ತದೆ. ಯಾವುದಕ್ಕೆ ಹೆದರಿ ಮೌನವಾಗಿರುತ್ತಾರೋ ಆ ಮೌನವೇ ಅದನ್ನು ತಂದುಕೊಡುತ್ತದೆ. ಸಂಸ್ಥೆಯಿಂದಲೇ ಅನ್ಯಾಯವಾಗಿದ್ದರೆ 2025ರ ಫೆಬ್ರವರಿಯಿಂದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಿಗಾಗಿ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ಕಚೇರಿ ಕೆಲಸ ಮಾಡುತ್ತಿದೆ. ಅಲ್ಲಿ ದೂರು ಕೊಡಲು ಹಣ ಕೊಡಬೇಕಿಲ್ಲ.

ಸಂಬಳದ ವಿಷಯ. ಮಾಲೀಕನಿಗೆ ಯಾರ ವೀಸಾವನ್ನೂ ರದ್ದು ಮಾಡುವ ಅಧಿಕಾರವಿಲ್ಲ. ಆ ಅಧಿಕಾರ ಸರ್ಕಾರಕ್ಕೆ ಮಾತ್ರ. ಕನಿಷ್ಠ ವೇತನದ ಹಕ್ಕು ವಿದ್ಯಾರ್ಥಿ ವೀಸಾದವರಿಗೂ ಈ ದೇಶದ ಪ್ರಜೆಗೆ ಇರುವಷ್ಟೇ ಇದೆ. ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಯ ಸಂಖ್ಯೆ 13 13 94. ಬಾಡಿಗೆಯ ಮುಂಗಡ ಹಣದ ಬಗ್ಗೆಯೂ ಒಂದು ಮಾತು. ವಿಕ್ಟೋರಿಯಾದಲ್ಲಿ ಬಾಡಿಗೆದಾರನಿಂದ ಪಡೆದ ಮುಂಗಡವನ್ನು ಮನೆಯ ಮಾಲೀಕ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಹತ್ತು ಕೆಲಸದ ದಿನಗಳೊಳಗೆ ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿ ಇಡಬೇಕು. ರಸೀತಿ ಇಲ್ಲದೆ ನೋಟು ಎಣಿಸಿ ಕೊಟ್ಟ ಮುಂಗಡ ಮರಳಿ ಬರುವುದು ಕೊಟ್ಟವನ ಅದೃಷ್ಟ.

ಬಂಧುಗಳೇ, ನೆರವು ಈ ದೇಶದಲ್ಲಿ ಇಲ್ಲವೆಂದಲ್ಲ. ವಿಶ್ವವಿದ್ಯಾಲಯಗಳಲ್ಲಿ ಆಪ್ತಸಮಾಲೋಚನೆ ಉಚಿತ. ವಿಕ್ಟೋರಿಯಾ ಸರ್ಕಾರದ ಸ್ಟಡಿ ಮೆಲ್ಬರ್ನ್ ಇದೆ. ರಾತ್ರಿ ಹಗಲೆನ್ನದೆ ಫೋನೆತ್ತುವ ಲೈಫ್‌ಲೈನ್ ಇದೆ, 13 11 14. ಬಿಯಾಂಡ್ ಬ್ಲೂ ಇದೆ, 1300 22 4636. ಬಾವಿ ಇದೆ, ನೀರೂ ಇದೆ. ಬಾವಿಯ ತನಕ ಕೈಹಿಡಿದು ಕರೆದುಕೊಂಡು ಹೋಗುವವರು ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮ ಗಾದೆ ಕೇಳುತ್ತದೆ. ಈ ಊರಿಗೆ ಬಂದವರು ಬಾರದೇ ಇರುತ್ತಾರೆ, ಸಂಕೋಚದಿಂದ, ಭಯದಿಂದ. ಆ ನಡುವಿನ ದಾರಿಯೇ ನಮ್ಮ ಸಂಸ್ಥೆಯ ಕೆಲಸವಾಗಬೇಕೆಂಬುದು ನನ್ನ ವಿನಂತಿ.

ದೊಡ್ಡ ಸಂಕಟ ಬಂದಾಗ ಇಲ್ಲಿನ ಭಾರತೀಯ ಸಮುದಾಯ ಹಿಂದೆ ಸರಿದಿಲ್ಲ. 2009ರಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ, ಮೇ 31ರಂದು ಸಾವಿರಾರು ಜನ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಮುಂದಿನ ರಸ್ತೆಯಲ್ಲಿ ಕುಳಿತು ಪ್ರತಿಭಟಿಸಿದ್ದು ಹಲವರಿಗೆ ನೆನಪಿರಬಹುದು. ಅದೇ ಹೊತ್ತಿಗೆ ಹಲವು ಖಾಸಗಿ ಕಾಲೇಜುಗಳು ಬಾಗಿಲು ಮುಚ್ಚಿ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಅದರ ನಂತರ ಕಾನೂನು ಬಿಗಿಯಾಯಿತು, ಕಾಲೇಜು ಮುಚ್ಚಿದರೆ ಶುಲ್ಕಕ್ಕೆ ರಕ್ಷಣೆ ಕೊಡುವ ವ್ಯವಸ್ಥೆ 2012ರ ಜುಲೈಯಲ್ಲಿ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ, ತಮ್ಮನ್ನು ತಾವು ನೋಡಿಕೊಳ್ಳಲಾಗದ ತಾತ್ಕಾಲಿಕ ವೀಸಾದವರು ತಮ್ಮ ದೇಶಕ್ಕೆ ಮರಳಲಿ ಎಂದು ಆಗಿನ ಪ್ರಧಾನಿ ಹೇಳಿದರು. ಸರ್ಕಾರದ ವೇತನ ಪರಿಹಾರದಲ್ಲಿ ವಿದ್ಯಾರ್ಥಿಗಳಿಗೆ ಪಾಲಿರಲಿಲ್ಲ. ಆಗ ಈ ನಗರದಲ್ಲಿ ಗುರುದ್ವಾರಗಳು, ದೇವಸ್ಥಾನಗಳು, ಭಾಷಾ ಸಂಘಗಳು ಅಡುಗೆ ಮಾಡಿ ಮನೆಬಾಗಿಲಿಗೆ ಮುಟ್ಟಿಸಿದವು. ಅದು ನಮ್ಮ ಹೆಮ್ಮೆ.

ಆದರೆ ಸುದ್ದಿಯಾಗುವ ಸಂಕಟಕ್ಕೆ ಓಗೊಡುವುದು ಸುಲಭ. ಜುಲೈ ತಿಂಗಳ ಒಂದು ಸಾಮಾನ್ಯ ಮಂಗಳವಾರವನ್ನು ನೆನೆಸಿಕೊಳ್ಳಿ. ಎರಡನೆಯ ಸೆಮಿಸ್ಟರ್‌ಗೆ ಬಂದಿಳಿದು ಮೂರು ವಾರವಾಗಿದೆ. ಸಂಜೆ ಬೇಗನೇ ಕತ್ತಲು. ಊರಿನ ಸ್ವೆಟರ್ ಇಲ್ಲಿನ ಚಳಿಗೆ ಸಾಲದು. ಕೆಲಸ ಸಿಕ್ಕಿಲ್ಲ, ಪಾಠ ಅರ್ಥವಾಗುತ್ತಿಲ್ಲ, ಕೋಣೆಯ ಜತೆಗಾರ ಯಾರೆಂದೇ ಸರಿಯಾಗಿ ತಿಳಿದಿಲ್ಲ. ಯಾರೂ ಹೊಡೆದಿಲ್ಲ, ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅಂಥ ಮಂಗಳವಾರ ಆ ಹುಡುಗಿಗೆ ಫೋನು ಮಾಡುವವರು ಯಾರು? ನಮ್ಮ ನಿಧಿ ಬೇಕಾಗಿರುವುದು ಆ ದಿನಕ್ಕೆ.

ಇದು ನಮಗೆ ಹೊಸ ವಿಷಯವೂ ಅಲ್ಲ. ಮೈಸೂರು, ಬೆಂಗಳೂರುಗಳಿಗೆ ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಮಾಡಿ ಪದವಿ ಪಡೆದ ಕತೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಜಾತಿ ಮತ ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದಾಗ ನಾವು ಇಲ್ಲಿ ದೀಪ ಹಚ್ಚಿದೆವು. ಓದುವ ಹುಡುಗನಿಗೆ ಊಟ ಹಾಕುವುದು ದಾನವಲ್ಲ, ಮನೆತನದ ಕರ್ತವ್ಯ ಎಂಬ ತಿಳಿವಳಿಕೆ ನಮ್ಮ ಮಣ್ಣಿನದು.

ಅದರಲ್ಲಿ ಒಂದು ಕೊರತೆ ಇತ್ತು, ಅದನ್ನೂ ಹೇಳಬೇಕು. ವಾರಾನ್ನ ಎಲ್ಲ ಹುಡುಗರಿಗೂ ಸಿಗುತ್ತಿರಲಿಲ್ಲ. ಮನೆಯೊಳಗೆ ಕೂರಿಸುವ ಮೊದಲು ಜಾತಿ ತಿಳಿದಿರುತ್ತಿತ್ತು. ಇಲ್ಲಿ ನಮ್ಮವರ ಬಾಡಿಗೆ ಕೋಣೆಯ ಜಾಹೀರಾತುಗಳಲ್ಲಿ ಇಂದಿಗೂ ಯಾವ ಊರು, ಯಾವ ಪಂಗಡ ಎಂದು ಸುತ್ತಿ ಬಳಸಿ ಕೇಳುವುದುಂಟು. ಅಡುಗೆಮನೆಯಲ್ಲಿ ಮಾಂಸ ಬೇಡ ಎನ್ನುವುದು ಮನೆಯವರ ಇಷ್ಟ. ಆದರೆ ಹುಡುಗನ ಕುಲ ಕೇಳಿ ಬಾಗಿಲು ತೆರೆಯುವುದು ಈ ಯೋಜನೆಯಲ್ಲಿ ಸಲ್ಲದು. ಈ ನಿಧಿಯ ಅರ್ಜಿಯಲ್ಲಿ ಆ ಕಾಲಂ ಇರಬಾರದು, ಬಾಯಿಮಾತಿನಲ್ಲೂ ಇರಬಾರದು.

ಇನ್ನೊಂದು ಕಹಿ ಮಾತು. ಗಂಟೆಗೆ ಹನ್ನೆರಡು ಡಾಲರ್ ಕೊಡುವವರು ಯಾರು? ಮೂರು ಕೋಣೆಯ ಮನೆಗೆ ಒಂಬತ್ತು ಹುಡುಗರನ್ನು ತುಂಬಿ ರಸೀತಿ ಕೊಡದೆ ಬಾಡಿಗೆ ಪಡೆಯುವವರು ಯಾರು? ಎಲ್ಲರೂ ಬಿಳಿಯರಲ್ಲ. ನಮ್ಮ ಭಾಷೆಯಲ್ಲೇ "ಬಾರೋ ತಮ್ಮಾ" ಎಂದು ಕರೆದು, "ನಮ್ಮ ಹುಡುಗ ಅಂತ ಕೆಲಸ ಕೊಟ್ಟಿದ್ದೀನಿ" ಎಂದು ಹೇಳಿ, ಅರ್ಧ ಸಂಬಳ ಕೊಡುವವರೂ ಇದ್ದಾರೆ. ವಿದ್ಯಾರ್ಥಿ ದೂರು ಕೊಡುವುದಿಲ್ಲ, ಏಕೆಂದರೆ ಬೇರೆಲ್ಲೂ ತನ್ನನ್ನು ತಮ್ಮಾ ಎನ್ನುವವರಿಲ್ಲ. ಹಾಗೆ ಉಳಿಸಿದ ಹಣದಲ್ಲಿ ನೂರು ಡಾಲರ್ ತಂದು ಈ ಡಬ್ಬಿಗೆ ಹಾಕಿದರೆ ಅದು ಸೇವೆಯಾಗುವುದಿಲ್ಲ. ನಮ್ಮ ಪ್ರಾಯೋಜಕರ ಪಟ್ಟಿಯಲ್ಲಿ ಹೆಸರು ಅಚ್ಚಾಗುವ ಪ್ರತಿಯೊಬ್ಬರೂ, ಕೆಲಸಗಾರರಿಗೆ ಕಾನೂನಿನ ಸಂಬಳ ಮತ್ತು ವೇತನ ಚೀಟಿ ಕೊಡುತ್ತೇವೆಂದು ಒಂದು ಸಾಲು ಬರೆದು ಸಹಿ ಹಾಕಿಕೊಡಲಿ ಎಂದು ಸಮಿತಿಗೆ ಸೂಚಿಸಿದ್ದೇನೆ. ಒಬ್ಬಿಬ್ಬರು ಪ್ರಾಯೋಜಕರು ಕಡಿಮೆಯಾದರೂ ನಷ್ಟವಿಲ್ಲ.

ಈಗ ಯೋಜನೆಗೆ ಬರುತ್ತೇನೆ. ನಾಲ್ಕೇ ಅಂಶಗಳಿವೆ.

ಮೊದಲನೆಯದು, ಮೊದಲ ಹದಿನೈದು ದಿನ. ಫೆಬ್ರವರಿ ಮತ್ತು ಜುಲೈಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಆಗ ಒಂದು ಕೋಣೆಯನ್ನು ಹದಿನೈದು ದಿನ ಕೊಡಬಲ್ಲ ಮನೆಗಳ ಪಟ್ಟಿ ನಮ್ಮಲ್ಲಿರಬೇಕು. ಕಣ್ಣಿನಿಂದ ನೋಡದ ಮನೆಗೆ ಮುಂಗಡ ಕಟ್ಟಿ ಮೋಸಹೋಗುವುದು ಈ ಹದಿನೈದು ದಿನದ ಆತುರದಲ್ಲೇ. ತಲೆಯ ಮೇಲೆ ಸೂರಿದ್ದರೆ ಮನೆ ನೋಡಿ, ಕಾಗದ ಓದಿ ಸಹಿ ಹಾಕುವ ವ್ಯವಧಾನ ಇರುತ್ತದೆ.

ಎರಡನೆಯದು, ಮನೆಗೊಬ್ಬ ವಿದ್ಯಾರ್ಥಿ. ವಾರಾನ್ನ ಕೇಳುತ್ತಿಲ್ಲ, ತಿಂಗಳಿಗೊಂದು ಊಟ ಕೇಳುತ್ತಿದ್ದೇನೆ, ವಾರಕ್ಕೊಂದು ಫೋನು ಕೇಳುತ್ತಿದ್ದೇನೆ. ಊಟಕ್ಕೆ ಕರೆದಾಗ ಮಾರ್ಕ್ಸ್ ಎಷ್ಟು, ಪಿಆರ್ ಯಾವಾಗ, ಮದುವೆ ಯಾವಾಗ ಎಂದು ಕೇಳಬೇಡಿ. "ಊಟ ಆಯ್ತಾ?" ಎಂದು ನಾವು ಎದುರಾದವರನ್ನೆಲ್ಲ ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಈ ಮಕ್ಕಳನ್ನು ಕೇಳುವಾಗ ಕಾಯಿರಿ. "ಆಯ್ತು" ಎಂದರೆ "ಏನು ಊಟ ಮಾಡಿದೆ?" ಎಂದು ಇನ್ನೊಂದು ಸಲ ಕೇಳಿ. ನಿಜ ಸಂಗತಿ ಸಾಮಾನ್ಯವಾಗಿ ಎರಡನೆಯ ಪ್ರಶ್ನೆಗೆ ಬರುತ್ತದೆ.

ಮಾತಿನ ನಡುವೆ ಯಾರಾದರೂ "ಇದ್ದು ಏನು ಪ್ರಯೋಜನ ಆಂಟಿ" ಎಂದರೆ ಬೈದು ಬುದ್ಧಿ ಹೇಳಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ವೈದ್ಯನಾಗಿ ಇದನ್ನು ಖಚಿತವಾಗಿ ಹೇಳುತ್ತೇನೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ತುರ್ತು ಎನ್ನಿಸಿದರೆ ಸೊನ್ನೆ ಸೊನ್ನೆ ಸೊನ್ನೆ, ಇಲ್ಲವಾದರೆ ಲೈಫ್‌ಲೈನಿಗೆ ನೀವೇ ಫೋನು ಹಚ್ಚಿಕೊಟ್ಟು ಪಕ್ಕದಲ್ಲಿ ಕುಳಿತಿರಿ. ಮರುದಿನ ವೈದ್ಯರ ಹತ್ತಿರ ಜತೆಯಲ್ಲಿ ಹೋಗಿ. ನೀವು ಚಿಕಿತ್ಸೆ ಮಾಡಬೇಕಿಲ್ಲ, ಜತೆಗಿದ್ದರೆ ಸಾಕು.

ಮೂರನೆಯದು, ತುರ್ತು ನಿಧಿ. ತಂದೆ ತೀರಿಕೊಂಡ ರಾತ್ರಿ ಟಿಕೆಟ್ಟಿಗೆ, ಇದ್ದಕ್ಕಿದ್ದಂತೆ ಮನೆ ಬಿಡಬೇಕಾದಾಗ ಮುಂಗಡಕ್ಕೆ, ವಿಮೆಯಲ್ಲಿ ಬಾರದ ಹಲ್ಲಿನ ಚಿಕಿತ್ಸೆಗೆ. ಶುಲ್ಕ ಕಟ್ಟಲು ಈ ನಿಧಿಯಲ್ಲ, ಅಷ್ಟು ಶಕ್ತಿಯೂ ನಮಗಿಲ್ಲ. ಸಣ್ಣ ಮೊತ್ತ, ಆದರೆ ಎರಡು ದಿನದೊಳಗೆ ಸಿಗಬೇಕು. ಮುಖ್ಯವಾಗಿ, ಹನ್ನೊಂದು ಜನರ ಸಮಿತಿಯ ಮುಂದೆ ಆ ಹುಡುಗ ನಿಂತು ತನ್ನ ಕಷ್ಟ ಹೇಳಿಕೊಳ್ಳುವಂತಾಗಬಾರದು. ಇಬ್ಬರಿಗೆ ಮಾತ್ರ ಹೆಸರು ತಿಳಿದಿರಲಿ. ಲೆಕ್ಕ ಪತ್ರದಲ್ಲಿ ಮೊತ್ತ ಬರಲಿ, ಹೆಸರು ಬೇಡ. ಫೋಟೋವಂತೂ ಬೇಡವೇ ಬೇಡ. ಕೆಲಸ ಸಿಕ್ಕ ಮೇಲೆ ಮರಳಿಸುವ ಮನಸ್ಸಾದರೆ ಮರಳಿಸಲಿ, ನೆನಪಿಸುವ ಪತ್ರ ನಾವು ಬರೆಯಬಾರದು.

ನಾಲ್ಕನೆಯದು, ಊರಿನವರಿಗೆ ಕನ್ನಡದಲ್ಲಿ ಒಂದು ಕೈಪಿಡಿ. ಈ ಸಂಚಿಕೆ ಊರಿನ ಮನೆಗಳಿಗೂ ಹೋಗುತ್ತದೆ, ಆದ್ದರಿಂದ ಅಲ್ಲಿಯ ತಂದೆ ತಾಯಂದಿರಿಗೆ ಎರಡು ಮಾತು. ವಿದೇಶದ ಓದಿಗೆ ಸೀಟು ಕೊಡಿಸುವ ಏಜೆಂಟರಿಗೆ ಸಾಮಾನ್ಯವಾಗಿ ಇಲ್ಲಿನ ಸಂಸ್ಥೆಗಳಿಂದ ಕಮಿಷನ್ ಬರುತ್ತದೆ. ಆದ್ದರಿಂದ ಅವರ ಸಲಹೆಯನ್ನು ಅಂಗಡಿಯವನ ಸಲಹೆಯಂತೆ ಕೇಳಿ, ಅಳೆದು ತೂಗಿ ನೋಡಿ. ಮತ್ತು ಮಗನಿಗೆ ಫೋನು ಮಾಡಿದಾಗ ಒಂದು ಸಲವಾದರೂ ಹೀಗೆ ಹೇಳಿ: "ಸಾಲ ನಮ್ಮ ತಲೆನೋವು, ನೀನು ಸೋತು ಬಂದರೂ ಈ ಮನೆ ನಿನ್ನದೇ." ಆ ಒಂದು ಮಾತು ಎಷ್ಟು ಔಷಧಿಗೆ ಸಮವೆಂದು ನನ್ನ ಕೋಣೆಯಲ್ಲಿ ಕುಳಿತರೆ ತಿಳಿಯುತ್ತದೆ.

ಹಿಂದಿನ ಸಾಲಿನ ಮಿತ್ರರೇ, ನಿಮಗೂ ಒಂದು ಮಾತು. ಯುಗಾದಿಗೆ ಕುರ್ಚಿ ಜೋಡಿಸಲು, ರಾಜ್ಯೋತ್ಸವಕ್ಕೆ ಧ್ವನಿವರ್ಧಕ ಹೊರಲು, ಗಣೇಶನನ್ನು ಎತ್ತಲು ಸಂಘ ಸಂಸ್ಥೆಗಳು ನಿಮ್ಮನ್ನು ಕರೆಯುತ್ತವೆ. ನೀವು ಬರುತ್ತೀರಿ, ಎಲ್ಲರೂ ಉಂಡ ಮೇಲೆ ಉಣ್ಣುತ್ತೀರಿ, ಕೊನೆಯ ರೈಲಿಗೆ ಓಡುತ್ತೀರಿ. ನಿಮ್ಮಿಂದ ನಾವು ಪಡೆದಿರುವುದಕ್ಕೆ ಲೆಕ್ಕವಿಲ್ಲ. ಹಾಗಾಗಿ ಈ ನಿಧಿಯಿಂದ ಕೇಳುವಾಗ ಕೈಚಾಚುತ್ತಿದ್ದೇವೆ ಎಂದುಕೊಳ್ಳಬೇಡಿ. ನಿಮ್ಮ ಜತೆಯ ಹುಡುಗ ನಾಲ್ಕು ದಿನದಿಂದ ಕೋಣೆಯಿಂದ ಹೊರಬಂದಿಲ್ಲವೆಂದರೆ ಅವನ ಮರ್ಯಾದೆಯ ಪ್ರಶ್ನೆ ಎಂದು ಸುಮ್ಮನಿರಬೇಡಿ. ನಮಗೆ ತಿಳಿಸಿ.

ಕೊನೆಯದಾಗಿ, ಮೊದಲು ಹೇಳಿದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ. ಊರಿನ ಶಾಲೆಯ ಬೆಂಚನ್ನು ನಾವು ನಿಲ್ಲಿಸುತ್ತಿಲ್ಲ, ಆ ಪಾಲು ಕಳೆದ ವರ್ಷದಷ್ಟೇ ಇರುತ್ತದೆ. ಈ ವರ್ಷ ಹೊಸದಾಗಿ ಕೂಡುವುದರಲ್ಲಿ ಮಾತ್ರ ವಿದ್ಯಾರ್ಥಿಗಳಿಗೆ ಪಾಲು. ಆದ್ದರಿಂದ ಅವರಿಗೆ ಎಷ್ಟು ಸಿಗುತ್ತದೆ ಎಂಬುದು ಇಂದು ರಾತ್ರಿ ತಾವು ಎಷ್ಟು ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಮೇಜಿನ ಮೇಲೆ ಎರಡು ಚೀಟಿಗಳಿವೆ. ಬಿಳಿ ಚೀಟಿಯಲ್ಲಿ ಮೊತ್ತ ಬರೆಯಿರಿ. ಹಳದಿ ಚೀಟಿಯಲ್ಲಿ ತಮ್ಮ ಮನೆಯ ಬಡಾವಣೆ, ಫೋನ್ ಸಂಖ್ಯೆ, ಯಾವ ಭಾನುವಾರ ಊಟಕ್ಕೆ ಕರೆಯಬಲ್ಲಿರಿ ಎಂದು ಬರೆಯಿರಿ. ಎರಡರಲ್ಲಿ ಒಂದನ್ನು ಮಾತ್ರ ತುಂಬಲು ಸಾಧ್ಯವೆಂದರೆ ಹಳದಿಯನ್ನು ತುಂಬಿ. ಖಜಾಂಚಿಯವರು ನನ್ನನ್ನು ಕ್ಷಮಿಸಲಿ.

 ಸಿರಿಗನ್ನಡಂ ಗೆಲ್ಗೆ.